ಓದುಗರ ಸ್ಪಂದನ: ಹೊಲಿದಿಟ್ಟ ಕೌದಿ, ಹೇಳದೆ ಉಳಿದ ಮಾತು

ಮಲ್ಲೇಶ್ವರದಲ್ಲಿ ನೆಲೆಸಿರುವ ಧಾರವಾಡ ಮೂಲದ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ತೋಡಿಕೊಂಡಿದ್ದರು. ಮಗನಿಗಾಗಿ, ಮತ್ತು ಅವನು ಬಾಳಸಂಗಾತಿಯೆಂದು ಆರಿಸಿಕೊಂಡಿರುವ ಯುವಕನಿಗಾಗಿ, ಅವರು ತಮ್ಮ ಮತ್ತು ಅತ್ತೆಯವರ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದಿದ್ದಾರೆ. ಯಜಮಾನರಿಗೆ ಇದು ಸಮ್ಮತವಿಲ್ಲ. ಬಾಯಿಬಿಟ್ಟು ಏನನ್ನೂ ಹೇಳದೆ ಕೌದಿಯನ್ನಷ್ಟೇ ಕೊಟ್ಟರೆ ಸಾಲದೆ ಎಂಬುದು ಆ ತಾಯಿಯ ಪ್ರಶ್ನೆ. ರಾಜಾಜಿನಗರದ ಓದುಗರೊಬ್ಬರು ಬರೆಯುತ್ತಾರೆ:

‘ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಬೇರೆ ಜಾತಿಯವರನ್ನು ಮದುವೆಯಾದಾಗ, ಬಳೇಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ನಮ್ಮ ತಂದೆ ನನ್ನೊಡನೆ ಮಾತು ಬಿಟ್ಟರು. ಮಗಳು ಹುಟ್ಟಿದ ಮೇಲೆ ಯಾರದೋ ಕೈಯಲ್ಲಿ ಒಂದು ಕುಲಾವಿ ಕಳುಹಿಸಿದರು. ಜೊತೆಗೆ ಚೀಟಿಯಿರಲಿಲ್ಲ, ಹೇಳಿಕಳುಹಿಸಿದ ಮಾತೂ ಇರಲಿಲ್ಲ. ಹೊರಗೆ ಜರಿಯ ಬಟ್ಟೆ, ಜರಿ ಮಗುವಿನ ತಲೆಗೆ ಚುಚ್ಚಬಾರದೆಂದು ಒಳಗೆ ತಮ್ಮದೇ ಹಳೆಯ ಪಂಚೆಯ ಮೆತ್ತನೆಯ ಅಸ್ತರು, ಅದರ ಅಂಚಿಗೆ ಗಂಟು ಎಲ್ಲಿದೆಯೆಂದು ಹುಡುಕಿದರೂ ಸಿಗದಷ್ಟು ಸಣ್ಣ ಕೈಹೊಲಿಗೆ. ಅಷ್ಟು ಅಕ್ಕರೆಯಿಂದ ಹೊಲಿದವರು ನನ್ನ ಗಂಡನನ್ನೂ ಒಪ್ಪಿಕೊಂಡರೋ, ಮೊಮ್ಮಗಳನ್ನು ಮಾತ್ರ ತಮ್ಮವಳೆಂದುಕೊಂಡರೋ ಎಂದು ಆ ಕುಲಾವಿಯನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಎಷ್ಟೋ ಸಲ ಮಾತನಾಡಿದ್ದೇವೆ. ಒಪ್ಪಿದ್ದಾರೆ ಎಂದೇ ನನ್ನ ಗಂಡ ಹೇಳುತ್ತಿದ್ದರು, ನನ್ನ ಸಮಾಧಾನಕ್ಕೆ. ತಂದೆ ತೀರಿಕೊಂಡರು, ಇನ್ನು ಯಾರನ್ನು ಕೇಳಲಿ? ಕೈಯಾರೆ ಮಾಡಿದ್ದರಲ್ಲಿ ಪ್ರೀತಿ ಇದ್ದೇ ಇರುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ; ಆದರೆ ಆ ಪ್ರೀತಿ ಯಾರ ಯಾರಿಗೆ ಸೇರಿದ್ದೆಂಬುದನ್ನು ಕೊಡುವವರೇ ಹೇಳಬೇಕು. ಅಮ್ಮಾ, ಆ ಹುಡುಗನನ್ನು ಹೆಸರು ಹಿಡಿದು ಕರೆದು, ಇದು ನಿನಗೂ ಎಂದು ಹೇಳಿ ಕೊಡಿ.’

ಈ ಪತ್ರವನ್ನು ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ. ಬಸವನಗುಡಿಯ ನಿವೃತ್ತ ಅಧ್ಯಾಪಕರದು ಎರಡೇ ವಾಕ್ಯ:

‘ಮಗ ನಿಮ್ಮನ್ನು ಹೊದಿಕೆ ಕೇಳಿರಲಿಲ್ಲ. ಮೊದಲು ಇಬ್ಬರನ್ನೂ ಮನೆಗೆ ಊಟಕ್ಕೆ ಕರೆಯಿರಿ, ಕೌದಿಯ ವಿಚಾರ ಆಮೇಲೆ.’

ಮಾತು ಖಾರವಾಗಿದ್ದರೂ ತಳ್ಳಿಹಾಕುವಂಥದ್ದಲ್ಲ. ವಿಜಯನಗರದ ಓದುಗರಿಗೆ ಕೌದಿಯ ಬಾಳಿಕೆಯ ಚಿಂತೆ:

‘ಸೀರೆಗಳಲ್ಲಿ ಇಳಕಲ್ ಇದ್ದರೆ ಎಚ್ಚರ ವಹಿಸಿ. ಅದರ ಸೆರಗನ್ನು ಒಡಲಿಗೆ ನೇಯ್ಗೆಯಲ್ಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಜಾಗದಲ್ಲಿ ಕತ್ತರಿ ಆಡಿಸಿದ್ದರೆ ಎಳೆ ಬಿಚ್ಚಿಕೊಳ್ಳದಂತೆ ಮೇಲೊಂದು ಪಟ್ಟಿ ಇಟ್ಟು ಹೊಲಿಯಿರಿ. ರೇಷ್ಮೆ, ಹತ್ತಿ ಎರಡೂ ನೀರಿಗೆ ಬಿದ್ದಾಗ ಒಂದೇ ಸಮನೆ ಕುಗ್ಗುವುದಿಲ್ಲವಾದ್ದರಿಂದ ಪದೇ ಪದೇ ಒಗೆಯುವ ಬದಲು ನೆರಳಿನಲ್ಲಿ ಗಾಳಿಗೆ ಹರವುವುದು ಲೇಸು. ಮಕ್ಕಳಿಬ್ಬರಿಗೂ ಇದನ್ನು ತಿಳಿಸಿಬಿಡಿ.’

ಬನಶಂಕರಿಯ ಯುವಕರೊಬ್ಬರ ಪತ್ರ ಹೀಗಿದೆ:

‘ನನಗೂ ಸಂಗಾತಿಯಿದ್ದಾನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ನಮ್ಮಂಥವರ ಪ್ರೀತಿ ಅಪರಾಧವಲ್ಲವೆಂದಿತು; 2023ರ ಅಕ್ಟೋಬರ್ 17ರಂದು ನಮ್ಮ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ನಾವಿಬ್ಬರೂ ಜೊತೆಗಿದ್ದೇವೆಂದು ತೋರಿಸಲು ನಮ್ಮಲ್ಲಿರುವುದು ಮನೆಯ ಬಾಡಿಗೆ ಕರಾರು ಮಾತ್ರ. ಹಾಗಿರುವಾಗ ತಾಯಿಯೇ ಹೊಲಿದುಕೊಟ್ಟ ಕೌದಿ ನಮಗೆ ಎಂಥ ದೊಡ್ಡ ದಾಖಲೆಯೆಂದು ನೀವು ಊಹಿಸಲಾರಿರಿ. 1987ರ ಅಕ್ಟೋಬರ್ 11ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ, ಏಡ್ಸ್‌ನಿಂದ ತೀರಿಕೊಂಡವರ ಹೆಸರು ಹೊತ್ತ 1,920 ಬಟ್ಟೆಯ ಹಾಸುಗಳನ್ನು ಬಯಲಿನಲ್ಲಿ ಹರಡಿದ್ದರು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ, ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. ಬಂಧುಗಳೂ ಗೆಳೆಯರೂ ಹೊಲಿದದ್ದು ಸತ್ತವರಿಗಾಗಿ. ನಿಮ್ಮ ಮಗ ಬದುಕಿದ್ದಾನೆ, ಅವನ ಜೊತೆಗಾರನೂ ಇದ್ದಾನೆ. ಕಸೂತಿ ಕೈಗೆ ಬರುವುದಾದರೆ ಕೌದಿಯ ಒಂದು ಮೂಲೆಯಲ್ಲಿ ಇಬ್ಬರ ಹೆಸರನ್ನೂ ಹಾಕಿ.’

ಯಜಮಾನರ ಪರವಾಗಿ ಬಂದ ಪತ್ರಗಳೂ ಇವೆ; ಅವರು ಅಂಜುತ್ತಿರುವುದು ನೆಂಟರಿಷ್ಟರ ಬಾಯಿಗೇ ಹೊರತು ಮಗನ ಮೇಲೆ ಅವರಿಗೆ ಮುನಿಸಿಲ್ಲವೆಂದು ನಂಬುತ್ತೇವೆ. ಎಲ್ಲ ಪತ್ರಗಳನ್ನೂ ಮಲ್ಲೇಶ್ವರದ ತಾಯಿಗೆ ಕಳುಹಿಸಿದ್ದೇವೆ. ರಾಜಾಜಿನಗರದ್ದನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದೇವೆ. ಈ ಚರ್ಚೆ ಇಲ್ಲಿಗೆ ಮುಕ್ತಾಯ. – ಸಂ.