ಫೋಲಿ ಕಲಾವಿದನಾಗಲು ಕೆಲಸ ಬಿಡಬಹುದೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನಾನು ಧಾರವಾಡದವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಸಿನಿಮಾ ಮತ್ತು ಗೇಮ್‌ಗಳಿಗೆ ಫೋಲಿ, ಅಂದರೆ ಹೆಜ್ಜೆ, ಬಟ್ಟೆ, ವಸ್ತುಗಳ ಸದ್ದನ್ನು ಸ್ಟುಡಿಯೋದಲ್ಲಿ ಹೊಸದಾಗಿ ಮಾಡಿ ಮುದ್ರಿಸುವುದನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದಿದ್ದೇನೆ. ಚೆನ್ನೈಗೆ ಸಹಾಯಕನಾಗಿ ಹೋಗಲೇ, ಮನೆಯ ಕೋಣೆಯೊಂದನ್ನೇ ಸಜ್ಜುಗೊಳಿಸಲೇ?

ನೆಲಮಾಳಿಗೆಯವನು: ಮನೆಯ ಕೋಣೆ ಎಂದಿರಲ್ಲ, ಅದರ ಲೆಕ್ಕ ಕೇಳಿ. ಬನಶಂಕರಿಯ ನನ್ನ ನೆಲಮಾಳಿಗೆಯಲ್ಲಿ ಸದ್ದು ಹೀರುವ ರಾಕ್‌ವೂಲ್ ಮತ್ತು ಎರಡು ಪದರ ಜಿಪ್ಸಮ್ ಹಲಗೆಗೆ 2,10,000 ರೂಪಾಯಿ, ಸಂದಿಯಿಲ್ಲದ ಬಾಗಿಲಿಗೆ 58,000, ಕಡಪ ಕಲ್ಲು, ಜಲ್ಲಿ, ಮರಳು, ತೇಗದ ಹಲಗೆಗಳ ಹೆಜ್ಜೆಗುಂಡಿಗಳಿಗೆ (ತುಳಿದು ಹೆಜ್ಜೆಯ ಸದ್ದು ಮಾಡುವ ಗುಂಡಿಗಳು) 41,000 ಸುರಿದೆ. ಇಷ್ಟಾದ ಮೇಲೂ ನಾಯಕಿಯ ರೇಷ್ಮೆ ಸೀರೆಯ ಸರಸರ ಸದ್ದನ್ನು ಹಿಡಿಯಲು ಮೈಕಿನ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಏರಿಸಿದಾಗಲೆಲ್ಲ ಪಕ್ಕದ ಮನೆಯ ನೀರಿನ ಮೋಟರು ಸೀರೆಗಿಂತ ಮೊದಲು ಕೇಳಿಸುತ್ತಿತ್ತು. ನೆಲದೊಳಗಿಂದ ಬರುವ ಕಂಪನಕ್ಕೆ ರಾಕ್‌ವೂಲ್ ಏನೂ ಮಾಡಲಾರದು. ಕಟ್ಟಡಕ್ಕೆ ತಾಗದಂತೆ ರಬ್ಬರಿನ ಮೇಲೆ ಬೇರೆಯದೇ ನೆಲ ನಿಲ್ಲಿಸಬೇಕು. ಅದಕ್ಕೆ ಮತ್ತೆ 1,35,000. ಇನ್ನು ಬೇಸಿಗೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಬೆವರಿನಲ್ಲಿ ತೊಯ್ದ ಅಂಗಿಯ ಸದ್ದು ಒಣ ಅಂಗಿಯದಕ್ಕೆ ಹೊಂದುವುದಿಲ್ಲ.

ಬರಿಗಾಲು: ಸಿನಿಮಾದವರ ಗೋಳು ಎಂದಿಗೂ ಇಷ್ಟೇ. ಗೇಮ್‌ನಲ್ಲಿ ಬಹುಪಾಲು ಕೆಲಸಕ್ಕೆ ಚಿತ್ರಕ್ಕೆ ಹೊಂದಿಸುವ ಪ್ರಮೇಯವೇ ಇಲ್ಲ. ಆದರೆ ಒಂದೇ ಸದ್ದು ಮರುಕಳಿಸಿದರೆ ಆಟಗಾರನ ಕಿವಿ ಗುರುತಿಸಿಬಿಡುವುದರಿಂದ ಕಲ್ಲು, ಹುಲ್ಲು, ಕೆಸರು ಎಂಬ ಪ್ರತಿ ನೆಲಕ್ಕೂ ನಡಿಗೆ, ಓಟ, ಜಿಗಿತಗಳನ್ನು ವಿಂಗಡಿಸಿ, ಒಂದೊಂದರಲ್ಲೂ ಎಂಟು ಹತ್ತು ಬಗೆಯ ಹೆಜ್ಜೆಗಳನ್ನು ಬಿಡಿಬಿಡಿಯಾಗಿ ಕೊಡಬೇಕು. ಗೇಮ್‌ನ ಸದ್ದು ನಿಭಾಯಿಸುವ ವೈಸ್ ಅಥವಾ ಎಫ್‌ಮಾಡ್ ತಂತ್ರಾಂಶ ಅವುಗಳನ್ನು ಕಲಸಿ ನುಡಿಸುತ್ತದೆ. ಒಂದು ಸ್ಟುಡಿಯೋ ಯೋಜನೆಯನ್ನು ಅರ್ಧಕ್ಕೇ ಕೈಬಿಟ್ಟು ನನಗೆ 1,80,000 ರೂಪಾಯಿ ಬಾಕಿ ಉಳಿಸಿಕೊಂಡಿದೆ. ಆದರೂ ಹೇಳುತ್ತೇನೆ, ಚಿತ್ರೀಕರಣದ ಸ್ಥಳದಲ್ಲೇ ಮಾತು ಮುದ್ರಿಸುವ ಸಿಂಕ್ ಸೌಂಡ್ ಬಂದ ಮೇಲೆ ಸಿನಿಮಾ ಫೋಲಿಗೆ ಭವಿಷ್ಯವಿಲ್ಲ.

ವಡಪಳನಿ ವಾಸಿ: ಸದ್ದು ಮುದ್ರಿಸುವ ಫೋಲಿ ಥಿಯೇಟರಿನ ಹೊಸ್ತಿಲು ತುಳಿಯದವರಷ್ಟೇ ಈ ಮಾತನ್ನಾಡಬಲ್ಲರು. ಸ್ಥಳದಲ್ಲಿ ಮುದ್ರಿಸಿದ ಮಾತಿಗೆ ಹೆಜ್ಜೆ, ಬಟ್ಟೆ, ಬಳೆಗಳ ಸದ್ದು ಅಂಟಿಕೊಂಡೇ ಇರುತ್ತದೆ. ಕನ್ನಡ ಚಿತ್ರವನ್ನು ತೆಲುಗಿಗೋ ಹಿಂದಿಗೋ ಡಬ್ ಮಾಡಲು ಮಾತನ್ನು ತೆಗೆದೊಡನೆ ಅವೂ ಹೋಗುತ್ತವೆ. ಎಂ ಅಂಡ್ ಇ (ಮಾತಿಲ್ಲದೆ ಸಂಗೀತ ಮತ್ತು ಸದ್ದುಗಳಷ್ಟೇ ಇರುವ) ಟ್ರ್ಯಾಕಿನಲ್ಲಿ ಅವನ್ನೆಲ್ಲ ತುಂಬಿಕೊಡುವವರು ನಾವು. ನಾನು ಚೆನ್ನೈನ ವಡಪಳನಿಯಲ್ಲಿ 6,500 ರೂಪಾಯಿ ಬಾಡಿಗೆಯ ಮಹಡಿ ಕೋಣೆಯಲ್ಲಿದ್ದುಕೊಂಡು, ಮೊದಲ ವರ್ಷವಿಡೀ ಚಪ್ಪಲಿ ಜೋಡಿಸಿ, ಹೆಜ್ಜೆಗುಂಡಿಗಳನ್ನು ಒರೆಸಿ ಕಲಿತ ವಿದ್ಯೆಯೆಂದರೆ ನಟನ ಪಾದದ ಬದಲು ಭುಜವನ್ನು ನೋಡಿ ಹೆಜ್ಜೆ ಹಾಕುವುದು. ಕ್ಲೋಸಪ್ಪಿನಲ್ಲಿ ಪಾದವೇ ಇರುವುದಿಲ್ಲವಲ್ಲ! ಅದು ಗೇಮ್‌ನವರ ಫೋಲ್ಡರುಗಳಲ್ಲಿ ಸಿಗುವುದಿಲ್ಲ.

ಬರಿಗಾಲು: ಇಷ್ಟೆಲ್ಲ ಭುಜ ನೋಡಿದವರ ಹೆಸರು ಎಷ್ಟು ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಬಂದಿದೆಯೆಂದು ಮೊದಲು ತಿಳಿಸಿ.

ವಡಪಳನಿ ವಾಸಿ: ಬಂದಿಲ್ಲ, ಆದರೆ ಸಂಭಾವನೆ ಬಂದಿದೆ. ನಿಮ್ಮ ಬಾಕಿಯ ಕಥೆಯನ್ನು ನೀವೇ ಹೇಳಿಕೊಂಡಿದ್ದೀರಿ.

ನೆಲಮಾಳಿಗೆಯವನು: ಇಬ್ಬರೂ ಬೇರೆಯವರ ಬಾಡಿಗೆಯ ಕೋಣೆಯಲ್ಲಿ ಕುಣಿದವರು, ಖರ್ಚಿನ ಬಿಸಿ ನಿಮಗೇನು ಗೊತ್ತು? ಹಿಮದ ಮೇಲಿನ ನಡಿಗೆಯ ಸದ್ದಿಗೆಂದು ಹೆಜ್ಜೆಗುಂಡಿಗೆ ಸುರಿದ ಕಾರ್ನ್‌ಫ್ಲೋರ್‌ಗೆ ಇರುವೆ ಮುತ್ತಿ, ಇಡೀ ಗುಂಡಿಯನ್ನೇ ಮತ್ತೆ ಕಟ್ಟಿಸಬೇಕಾಯಿತು.

ವಡಪಳನಿ ವಾಸಿ: ಬಿಡಿಯಾಗಿ ಸುರಿದರೆ ಇರುವೆ ಮುತ್ತದೆ ಇನ್ನೇನಾದೀತು? ಅದನ್ನು ದಪ್ಪ ಬಟ್ಟೆಯ ಚೀಲದಲ್ಲಿ ತುಂಬಿ, ಬಾಯಿ ಹೊಲಿದು ತುಳಿಯಬೇಕು. ಹಿಟ್ಟು ಮೈಕಿನ ಮೇಲೂ ಹಾರುವುದಿಲ್ಲ.