ಎಐ ಚಿತ್ರದಲ್ಲಿ ನಮ್ಮೂರ ಮಳೆ ಬರ್ತಾನೇ ಇಲ್ಲ, ಏನು ಮಾಡಲಿ?

ಕೇಳಿದವರು

ಮಗಳಿಗೊಂದು ಕತೆ ಬರೆದಿದ್ದೇನೆ. ತೀರ್ಥಹಳ್ಳಿ ಕಡೆಯ ಮನೆ, ಜುಲೈ ತಿಂಗಳ ಜಡಿಮಳೆ, ಗೊರಬು (ಮಳೆಗೆ ತಲೆ-ಬೆನ್ನು ಮುಚ್ಚುವ ಎಲೆಯ ಹೊದಿಕೆ) ಹಾಕಿಕೊಂಡು ಗದ್ದೆಗೆ ಹೊರಟ ಅಜ್ಜ. ಹನ್ನೆರಡು ಚಿತ್ರ ಬೇಕು. ಎಐ ಕೊಡುವ ಚಿತ್ರದಲ್ಲಿ ಮಳೆಯೇನೋ ಸುರಿಯುತ್ತದೆ, ಹಿಂದೆ ಮಾತ್ರ ಕಿತ್ತಳೆ ಬಣ್ಣದ ಸಂಜೆ ಬಿಸಿಲು! ಗದ್ದೆಯ ಹಸಿರು ಪ್ಲಾಸ್ಟಿಕ್ ಹೂಕುಂಡದ ಎಲೆ ಥರ. "ಬೇಸರದ ಮೂಡ್" ಎಂದು ಬರೆದು ನೋಡಿದೆ. ಅಜ್ಜ ಅಳಲು ಶುರು ಮಾಡಿದರು, ಬಿಸಿಲು ಹೋಗಲಿಲ್ಲ. ಅನುಭವ ಇದ್ದವರು ಹೇಳಿ.

ಮದುವೆ ಫೋಟೊ ತೆಗೆಯುವವರು

ಪಾಪ, ಅಜ್ಜನನ್ನು ಅಳಿಸಿದ್ದು ನೀವೇ! ಮೂಡ್ ಹೇಳಬೇಡಿ, ಬೆಳಕು ಹೇಳಿ. ಎಲ್ಲಿಂದ ಬರುತ್ತಿದೆ, ಗಡಸೋ ಮೆತ್ತಗೋ, ನೆರಳು ಬೀಳುತ್ತದೋ ಇಲ್ಲವೋ. ಜಡಿಮಳೆಯ ದಿನ ಸೂರ್ಯನೇ ಕಾಣಲ್ಲ, ಇಡೀ ಆಕಾಶವೇ ದೀಪ. ನೆಲದ ಮೇಲೆ ನೆರಳಿಲ್ಲ. ಆಕಾಶ ಬೂದು ಬಿಳಿ. ದೂರದ ಅಡಿಕೆ ಮರ ಮಂಜಿನಲ್ಲಿ ಮಾಸಿದೆ. ಹೆಂಚು, ಮಣ್ಣು, ಮರದ ಕಾಂಡ ಎಲ್ಲ ನೆನೆದು ಕಪ್ಪಾಗಿವೆ. ಇದನ್ನೇ ಬರೆಯಿರಿ. 'ಸಿನಿಮ್ಯಾಟಿಕ್' ಎಂಬ ಪದ ಇದ್ದರೆ ಮೊದಲು ಕಿತ್ತು ಹಾಕಿ. ಅದರ ಹಿಂದೆಯೇ ನೀಲಿ-ಕಿತ್ತಳೆ ಜೋಡಿ ಬರುತ್ತದೆ.

ಇನ್ನೊಂದು ಮಾತು. ಎಲ್ಲಾ ಬೂದು ಮಾಡಿಬಿಟ್ಟರೆ ಚಿತ್ರ ಸಪ್ಪೆ. ಒಂದೇ ಒಂದು ಬೆಚ್ಚಗಿನ ಬೆಳಕು ಇಡಿ, ಬಚ್ಚಲ ಒಲೆಯ ಬೆಂಕಿ ಇದ್ದರೆ ಸಾಕು. ಮೇಣದಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಕಿತ್ತಳೆ), ಮೋಡ ಕವಿದ ಹಗಲು 6500ರ ಆಸುಪಾಸು. ಎಐಗೆ ಈ ಅಂಕಿ ಬರೆದುಕೊಟ್ಟು ನನಗೇನೂ ಸಿಕ್ಕಿಲ್ಲ, "ಒಲೆಯ ಬೆಂಕಿ" ಎಂದರೆ ಅದಕ್ಕೆ ಚೆನ್ನಾಗಿ ಅರ್ಥವಾಗುತ್ತದೆ.

ಎಐಯನ್ನು ಮನೆ ಕಂಪ್ಯೂಟರಿನಲ್ಲೇ ಓಡಿಸುವವರು

ಮೇಲಿನವರು ಹೇಳಿದ್ದು ಸರಿ. ಜೊತೆಗೆ, ಪದ ಬದಲಿಸುವಾಗ ಸೀಡ್ ಸಂಖ್ಯೆ (ಎಐ ಚಿತ್ರ ಶುರುಮಾಡುವ ಜಾಗ ಗೊತ್ತುಮಾಡುವ ಅಂಕಿ) ಬದಲಿಸಬೇಡಿ. ಇಲ್ಲದಿದ್ದರೆ ಯಾವ ಪದದಿಂದ ಏನಾಯಿತು ಅಂತ ತಿಳಿಯೋದೇ ಇಲ್ಲ. ಸ್ಟೇಬಲ್ ಡಿಫ್ಯೂಷನ್ ಎಂಬ ಎಐ ಬಳಸುವುದಾದರೆ ಸಿಎಫ್‌ಜಿ, ಅಂದರೆ ನಮ್ಮ ಪದಗಳಿಗೆ ಅದು ಎಷ್ಟು ಬಿಗಿಯಾಗಿ ಅಂಟಬೇಕು ಎಂಬ ಸೆಟ್ಟಿಂಗ್, 7ರ ಹತ್ತಿರ ಇರಲಿ. ನಾನು ಮೊದಮೊದಲು 15ಕ್ಕೆ ಏರಿಸಿ, ಬಣ್ಣ ಕರಕಲಾಗಿ, ಪದಗಳನ್ನು ಬೈದುಕೊಂಡು ಕೂತಿದ್ದೆ.

ಬಣ್ಣದ ಹೆಸರೂ ಜಾಸ್ತಿ ಬೇಡ. "ಕೆಂಪು ಕೊಡೆ" ಎಂದರೆ ಆ ಕೆಂಪು ಕಂಬಳಿಗೆ, ಬಾಗಿಲಿಗೆ, ಕೆಲವೊಮ್ಮೆ ದನಕ್ಕೂ ಹತ್ತುತ್ತದೆ.

ರಾತ್ರಿ ಚಿತ್ರ ಇದ್ದರೆ ಬೇರೆ ದಾರಿ. ಹಳೇ ಡಿಫ್ಯೂಷನ್ ಮಾದರಿಗಳಿಗೆ (ನಾಯ್ಸ್, ಅಂದರೆ ಬರೀ ಚುಕ್ಕಿಗಳ ಗದ್ದಲದಿಂದ ಶುರುಮಾಡಿ ಚಿತ್ರ ಬಿಡಿಸುವ ಎಐಗಳಿಗೆ) ನಿಜವಾದ ಕತ್ತಲೆ ಬರಲ್ಲ. ತರಬೇತಿಯಲ್ಲಿ ಅವು ಪೂರ್ತಿ ನಾಯ್ಸ್ ಆದ ಚಿತ್ರ ನೋಡಿಯೇ ಇಲ್ಲ, ಹಾಗಾಗಿ ಒಟ್ಟು ಬೆಳಕು ಸುಮಾರು ನಡುವಿಗೇ ಬಂದು ನಿಲ್ಲುತ್ತದೆ. ನಾನು ಕಪ್ಪು ಹಾಳೆಯ ಮೇಲೆ ಹಳದಿ ಚುಕ್ಕಿ ಬಳಿದು, ಅದನ್ನೇ ಮೂಲ ಚಿತ್ರವಾಗಿ ಕೊಡುತ್ತೇನೆ. ಬುಡ್ಡಿದೀಪದ ರಾತ್ರಿ ಹಾಗೆಯೇ ಸಿಕ್ಕಿದ್ದು.

ಇನ್ನೊಬ್ಬರು

ಅಜ್ಜನ ಮೈಬಣ್ಣ ನೋಡಿಕೊಳ್ಳಿ. ಇಡೀ ಚಿತ್ರದ ಬ್ರೈಟ್‌ನೆಸ್ ಏರಿಸಿದರೆ ಬಿಸಿಲಲ್ಲಿ ದುಡಿದ ಮುಖವೂ ಬೆಳ್ಳಗಾಗುತ್ತದೆ. ಮುಖಕ್ಕೆ ಮಾಸ್ಕ್ ಹಾಕಿ, ಅಂದರೆ ಆ ಭಾಗ ಬದಲಾಗದಂತೆ ಮರೆಮಾಡಿ, ಉಳಿದದ್ದನ್ನು ತಿದ್ದಿ.

ಪ್ರಿಂಟಿಂಗ್ ಪ್ರೆಸ್‌ನಲ್ಲಿರುವವರು

ಎಲ್ಲವನ್ನೂ ಎಐ ಕೈಲೇ ಮಾಡಿಸಬೇಕಾ? ನೂರು ಸಲ ಕೇಳುವ ಬದಲು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆಯಿರಿ, ಪುಕ್ಕಟೆ ಸಿಗುತ್ತದೆ. ಹಸಿರನ್ನಷ್ಟೇ ಆರಿಸಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿ, ಸ್ವಲ್ಪ ಹಳದಿ ಕಡೆಗೆ ತಿರುಗಿಸಿ. ಕರ್ವ್ಸ್‌ನಲ್ಲಿ (ಕಪ್ಪು-ಬಿಳುಪು ತಿದ್ದುವ ಗೆರೆಯಲ್ಲಿ) ಎಡಗಡೆಯ ಕೆಳತುದಿಯನ್ನು ತುಸು ಮೇಲೆತ್ತಿ. ಕಪ್ಪು ಬೂದಿಯಾಗಿ ಮಂಜು ಬಂದ ಹಾಗಾಗುತ್ತದೆ. ಅದೇ ಸೆಟ್ಟಿಂಗನ್ನು ಹನ್ನೆರಡಕ್ಕೂ ಹಾಕಿ, ಆಗ ಒಂದೇ ಪುಸ್ತಕದವು ಎನಿಸುತ್ತವೆ. ಅಚ್ಚು ಹಾಕಿಸುವುದಾದರೆ ಮಿರುಗುವ ಹಸಿರನ್ನು ಮರೆತುಬಿಡಿ. ಅಚ್ಚಿನ ಸಿಎಂವೈಕೆ ನಾಲ್ಕು ಶಾಯಿಗೆ (ಸಯಾನ್ ನೀಲಿ, ಮಜೆಂಟಾ, ಹಳದಿ, ಕಪ್ಪು) ಅದು ಸಿಗಲ್ಲ.

ತಿದ್ದುವ ಮುನ್ನ ಪರದೆಯನ್ನು ಹಳದಿ ಮಾಡುವ ನೈಟ್ ಮೋಡ್ ಆಫ್ ಮಾಡಿ. ಒಮ್ಮೆ ಅದನ್ನು ಮರೆತು ರಾತ್ರಿಯಿಡೀ ಹಳದಿ ತೆಗೆದೆ. ಬೆಳಿಗ್ಗೆ ನೋಡಿದರೆ ಎಲ್ಲರೂ ನೀಲಿ ನೀಲಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಬಿಸಿಲು ಹೋಯಿತು. 'ಸಿನಿಮ್ಯಾಟಿಕ್' ನಾನೇ ಬರೆದಿದ್ದೆ, ನಾಚಿಕೆಯಾಯಿತು. ನೆರಳಿಲ್ಲದ ಅಂಗಳ, ನೆನೆದ ಹೆಂಚು, ಒಳಗಡೆ ಒಲೆ ಅಂತ ಬರೆದೆ, ನಾಲ್ಕನೇ ಸಲಕ್ಕೆ ಬಂತು. ಹಸಿರನ್ನು ಗಿಂಪ್‌ನಲ್ಲಿ ಇಳಿಸಿದೆ. ಅಮ್ಮನಿಗೆ ತೋರಿಸಿದರೆ, "ಮಳೆ ಸರಿಯಾಗಿದೆ ಕಣೋ, ಗೊರಬು ಮಾತ್ರ ಹಿಂದುಮುಂದಾಗಿದೆ" ಅಂದರು. ಅದಕ್ಕೆ ಯಾವ ಪದ ಬರೆಯಬೇಕೋ!