‘ಮಾಟ’ ಪದ: ಪ್ರಾಸ್ಪೆರೊ ಬಾಯಿಗೆ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದ ಕೊನೆಯ ಅಂಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. (ಕುವೆಂಪು ಅವರ ‘ಬಿರುಗಾಳಿ’ ಇದರದೇ ರೂಪಾಂತರ. ನನ್ನದು ಸಾಲಿಗೆ ಸಾಲು ಅನುವಾದ.) ಒಂದು ಪದದ ಹತ್ತಿರ ಕೆಲಸ ನಿಂತುಬಿಟ್ಟಿದೆ.

ನಾಟಕದ ನಾಯಕ, ಮಂತ್ರವಾದಿ ಪ್ರಾಸ್ಪೆರೊ ತನ್ನ ಮಂತ್ರಬಲವನ್ನು ಮತ್ತೆ ಮತ್ತೆ ‘ಆರ್ಟ್’ ಎಂದೇ ಕರೆಯುತ್ತಾನೆ. ಮೊದಲ ಅಂಕದಲ್ಲಿ ನಿಲುವಂಗಿ ಕಳಚಿಟ್ಟು, ‘ಅಲ್ಲೇ ಬಿದ್ದಿರು, ನನ್ನ ಆರ್ಟೇ’ ಎಂದು ಅದನ್ನೇ ಮಾತಾಡಿಸುತ್ತಾನೆ. ಇದಕ್ಕೆ ‘ವಿದ್ಯೆ’ ಸಾಕು. ಪುಸ್ತಕ ಓದಿ ಗಳಿಸಿದ್ದು ತಾನೇ? ಗಾರುಡಿ ವಿದ್ಯೆ, ಕಣ್ಕಟ್ಟು ವಿದ್ಯೆ ಅನ್ನುವ ಬಳಕೆಯೂ ನಮ್ಮಲ್ಲಿದೆ.

ತೊಡಕು ಐದನೇ ಅಂಕದ್ದು. ನಡುಹಗಲ ಸೂರ್ಯನನ್ನು ಮಂಕಾಗಿಸಿದೆ, ಗೋರಿಗಳು ಬಾಯಿ ತೆರೆದು ಸತ್ತವರನ್ನು ಹೊರಗೆ ಕಳಿಸಿದವು, ಎಲ್ಲ ನನ್ನ ‘ಆರ್ಟ್’ನಿಂದ ಎಂದವನು ಅದೇ ಉಸಿರಿನಲ್ಲಿ ‘ಈ ರಫ್ ಮ್ಯಾಜಿಕ್ಕನ್ನು ತೊರೆದೆ’ ಎನ್ನುತ್ತಾನೆ. ಕೋಲು ಮುರಿಯುವ, ಪುಸ್ತಕ ಮುಳುಗಿಸುವ ಮಾತು ಆಮೇಲೆ. ಬಿಡುವ ಹೊತ್ತಿಗೆ ಹೆಸರೇ ಬದಲಾಯಿತು!

ತೊರೆಯುವ ಸಾಲಿನ ತನಕದ ಈ ಮಾತಿನ ಬಹುಪಾಲು ರೋಮನ್ ಕವಿ ಓವಿಡನ ಕಾವ್ಯದಲ್ಲಿ ಮೆಡೀಯಾ ಎಂಬ ಮಾಟಗಾತಿ ಆಡಿದ್ದು. ಷೇಕ್ಸ್‌ಪಿಯರ್ ಅದನ್ನು ಗೋಲ್ಡಿಂಗನ 1567ರ ಇಂಗ್ಲಿಷ್ ಅನುವಾದದಿಂದಲೂ ಎತ್ತಿಕೊಂಡಿದ್ದಾನೆ. ದ್ವೀಪದಲ್ಲಿ ತನಗಿಂತ ಮೊದಲಿದ್ದ ಸಿಕೊರಾಕ್ಸಳನ್ನು ಮಾಟಗಾತಿಯೆಂದು ಜರೆದವನ ಬಾಯಲ್ಲೇ ಕೊನೆಗೆ ಮಾಟಗಾತಿಯ ಮಾತು. ಅದೂ ಎಂಥ ಕಾಲ? ಮಾಟಕ್ಕಾಗಿ ಹೂತ ಹೆಣ ತೆಗೆದರೆ ಮರಣದಂಡನೆ ಎಂದು 1604ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನಾಗಿತ್ತು. 1611ರಲ್ಲಿ ಈ ನಾಟಕ ಜೇಮ್ಸ್ ದೊರೆಯ ಆಸ್ಥಾನದಲ್ಲಿ ನಡೆಯಿತು. ಪ್ರಾಸ್ಪೆರೊಗೆ ‘ವಿದ್ಯೆ’, ಸಿಕೊರಾಕ್ಸಳಿಗೆ ‘ಮಾಟ’ ಎಂದು ಕೊನೆತನಕ ಹಂಚಿಬಿಟ್ಟರೆ ಈ ನಂಟು ಕಡಿದುಹೋಗುತ್ತದೆ.

ಅದಕ್ಕೇ ‘ಮಾಟ’ದ ಕಡೆ ಮನಸ್ಸು ವಾಲಿದೆ. ಆಡು–ಆಟ, ನೋಡು–ನೋಟ ಇದ್ದಹಾಗೆ ಮಾಡು–ಮಾಟ. ನಮ್ಮಜ್ಜಿ ಹಿತ್ತಾಳೆ ಚೊಂಬಿನ ಕಂಠ ಸವರಿ ‘ಎಷ್ಟು ಮಾಟವಾಗಿದೆ ನೋಡು’ ಅನ್ನುತ್ತಿದ್ದರು. ಹೊಸ್ತಿಲ ಬಳಿ ಕುಂಕುಮ ಮೆತ್ತಿದ ನಿಂಬೆಹಣ್ಣು ಕಂಡ ದಿನ ‘ಯಾರೋ ಮಾಟ ಮಾಡಿಸಿದ್ದಾರೆ’ ಅಂದವರೂ ಅವರೇ. ಕೈಚಳಕ, ಕೇಡು ಎರಡೂ ಒಂದೇ ಪದದಲ್ಲಿ. ‘ಆರ್ಟ್’ ಹೊತ್ತ ಭಾರವನ್ನು ಇಷ್ಟು ಹತ್ತಿರದಿಂದ ಹೊರುವ ಇನ್ನೊಂದು ಪದ ನನಗೆ ಕಂಡಿಲ್ಲ. ‘ಮಾಯೆ’ ಎಂದರೆ ವೇದಾಂತ ನುಗ್ಗುತ್ತದೆ, ‘ಇಂದ್ರಜಾಲ’ ಎಂದರೆ ಜಾತ್ರೆಯ ಆಟವಾಗುತ್ತದೆ.

ಈಗಿನ ಕರಡು: ‘ಈ ಒರಟು ಮಾಟವನ್ನು ಇಲ್ಲಿಗೆ ತೊರೆದೆ.’

ನಿಮ್ಮ ಕಡೆ ‘ಮಾಟ’ಕ್ಕೆ ಅಂದದ ಅರ್ಥ ಇನ್ನೂ ಮಾತಿನಲ್ಲಿದೆಯೇ? ಯಾವ ವಸ್ತುವಿಗೆ, ಯಾವ ಕೆಲಸಕ್ಕೆ ಹಾಗೆ ಅನ್ನುತ್ತಾರೆ? ಊರು ತಿಳಿಸಿ ಒಂದು ವಾಕ್ಯ ಬರೆದರೆ ಉಪಕಾರ. ರಂಗದ ಮೇಲೆ ಕೇಳುವವರಿಗೆ ಬರೀ ನಿಂಬೆಹಣ್ಣೇ ನೆನಪಾಗುವುದಾದರೆ ಅದನ್ನೂ ಹೇಳಿ.